ಆಸ್ಪತ್ರೆ ಕಟ್ಟುವವರು ಮರೆಯುವ ನಾಲ್ಕು ಸಂಗತಿ: ಕರೆಂಟು, ಗಾಳಿ, ಬೆಳಕು, ನೀರು

ಊರಿನ ಕ್ಲಿನಿಕ್ಕಿಗೆ ಯಾರಾದರೂ ಡಯಾಲಿಸಿಸ್ ಯಂತ್ರ ದಾನ ಕೊಟ್ಟರೆ ಅದರ ಮೇಲೆ ದಾನಿಯ ಹೆಸರಿನ ಫಲಕ ಇರುತ್ತದೆ. ಉದ್ಘಾಟನೆಯ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ದುಬೈ, ದಮ್ಮಾಮ್‌ವರೆಗೂ ಹೋಗುತ್ತದೆ. ಅದೇ ಯಂತ್ರಕ್ಕೆ ಶುದ್ಧ ನೀರು ಕೊಡುವ ಪ್ಲಾಂಟ್, ಕರೆಂಟು ಹೋದಾಗ ಹಿಡಿದು ನಿಲ್ಲಿಸುವ ಯುಪಿಎಸ್, ನೆಲದೊಳಗೆ ಹೂತ ಅರ್ಥಿಂಗ್ ಪೈಪು, ಇವುಗಳ ಮೇಲೆ ಯಾರ ಹೆಸರೂ ಇರುವುದಿಲ್ಲ. ಹಾಗಾಗಿ ಅದಕ್ಕೆ ದುಡ್ಡು ಕೊಡುವವರೂ ಕಡಿಮೆ, ಅದರ ಬಗ್ಗೆ ಕೇಳುವವರೂ ಕಡಿಮೆ. ಆದರೆ ರೋಗಿಯ ಜೀವ ಯಂತ್ರದ ಮೇಲೆ ಎಷ್ಟು ನಿಂತಿದೆಯೋ ಅಷ್ಟೇ ಇವುಗಳ ಮೇಲೂ ನಿಂತಿದೆ.

ಕಾಸರಗೋಡಿನವರಿಗೆ ಆಸ್ಪತ್ರೆ ಅಂದರೆ ಬಹಳ ಕಾಲ ಮಂಗಳೂರೇ ಆಗಿತ್ತು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿ ಆಂಬ್ಯುಲೆನ್ಸ್‌ಗಳು ಅಲ್ಲೇ ನಿಂತಾಗ ಅದರ ಬೆಲೆ ಗೊತ್ತಾಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಅದೇ ಏಪ್ರಿಲ್‌ನಲ್ಲಿ ಅವಸರದಿಂದ ಕೋವಿಡ್ ಆಸ್ಪತ್ರೆ ಮಾಡಲಾಯಿತು. ತೆಕ್ಕಿಲ್‌ನಲ್ಲಿ ಟಾಟಾ ಸಂಸ್ಥೆ ಕಂಟೇನರ್ ಮಾದರಿಯ ಘಟಕಗಳನ್ನು ಜೋಡಿಸಿ 500ಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆ ಕಟ್ಟಿ ಸೆಪ್ಟೆಂಬರ್‌ನಲ್ಲಿ ಸರ್ಕಾರಕ್ಕೆ ಒಪ್ಪಿಸಿತು. ಗೋಡೆ, ಮಾಡು, ಹಾಸಿಗೆಗಳನ್ನು ಕೆಲವೇ ತಿಂಗಳಲ್ಲಿ ನಿಲ್ಲಿಸಬಹುದು ಎಂದು ಆಗ ಎಲ್ಲರಿಗೂ ಕಾಣಿಸಿತು. ಆದರೆ ಅಂಥ ಕಟ್ಟಡವನ್ನು ಆಸ್ಪತ್ರೆ ಮಾಡುವುದು ಅದರೊಳಗೆ ಹರಿಯುವ ಕರೆಂಟು, ಗಾಳಿ, ಆಕ್ಸಿಜನ್ ಮತ್ತು ನೀರು. ಟ್ರಸ್ಟ್, ಜಮಾಅತ್, ಕ್ಲಬ್‌ಗಳು ಕ್ಲಿನಿಕ್, ಡಯಾಲಿಸಿಸ್ ಕೇಂದ್ರ ಕಟ್ಟಲು ಹೊರಡುವಾಗ ಈ ವಿಷಯ ಗೊತ್ತಿರಬೇಕು. ಇದನ್ನು ತಿಳಿಯಲು ಇಂಜಿನಿಯರಿಂಗ್ ಓದಿರಬೇಕಾಗಿಲ್ಲ.

ಕರೆಂಟು: ಹೋದ ಮೇಲೆ ಎಷ್ಟು ಸೆಕೆಂಡು?

ಮನೆಯಲ್ಲಿ ಕರೆಂಟು ಹೋದರೆ ಇನ್ವರ್ಟರ್ ಹತ್ತುತ್ತದೆ, ಅಲ್ಲಿಗೆ ಮುಗಿಯಿತು. ಆಸ್ಪತ್ರೆಯಲ್ಲಿ ಪ್ರಶ್ನೆ ಬೇರೆ: ಯಾವ ಕೋಣೆಯಲ್ಲಿ ಎಷ್ಟು ಸೆಕೆಂಡಿನ ಒಳಗೆ ಕರೆಂಟು ವಾಪಸ್ ಬರಬೇಕು?

ವೈದ್ಯಕೀಯ ಕಟ್ಟಡಗಳ ವಯರಿಂಗ್‌ಗೆ ಅಂತಾರಾಷ್ಟ್ರೀಯ ಮಾನದಂಡ ಒಂದಿದೆ. ಅದು ಕೋಣೆಗಳನ್ನು 0, 1, 2 ಎಂದು ಮೂರು ಗುಂಪು ಮಾಡುತ್ತದೆ. ಯಂತ್ರದ ಯಾವ ಭಾಗವೂ ರೋಗಿಯ ಮೈಗೆ ತಾಗದ ಕೋಣೆ 0. ಯಂತ್ರ ಮೈಗೆ ತಾಗುತ್ತದೆ, ಆದರೆ ಕರೆಂಟು ತಪ್ಪಿದರೆ ಕೂಡಲೇ ಜೀವಕ್ಕೆ ಅಪಾಯವಿಲ್ಲ ಎಂದಾದರೆ 1. ಆಪರೇಷನ್ ಥಿಯೇಟರ್, ಐಸಿಯು, ಹೃದಯದೊಳಗೆ ತಂತಿ ಹಾಕುವ ಕೋಣೆಗಳು 2. ಥಿಯೇಟರಿನ ಮೇಜಿನ ಮೇಲಿನ ದೀಪ ಅರ್ಧ ಸೆಕೆಂಡಿನೊಳಗೆ ಮತ್ತೆ ಉರಿಯಬೇಕು. ಉಳಿದ ಜೀವರಕ್ಷಕ ವ್ಯವಸ್ಥೆಗಳಲ್ಲಿ ಹೆಚ್ಚಿನವಕ್ಕೆ 15 ಸೆಕೆಂಡಿನ ಗಡುವು.

ಡೀಸೆಲ್ ಜನರೇಟರ್ ಎಷ್ಟೇ ಒಳ್ಳೆಯದಾದರೂ ಅದು ಸ್ಟಾರ್ಟ್ ಆಗಿ, ವೇಗ ಹಿಡಿದು, ಲೋಡ್ ತೆಗೆದುಕೊಳ್ಳಲು ಹತ್ತು ಹದಿನೈದು ಸೆಕೆಂಡು ಬೇಕೇ ಬೇಕು. ಹಾಗಾದರೆ ಅರ್ಧ ಸೆಕೆಂಡು ಎಲ್ಲಿಂದ ಬರುತ್ತದೆ? ಬ್ಯಾಟರಿಯಿಂದ. ಅದಕ್ಕಾಗಿಯೇ ಆಸ್ಪತ್ರೆಗೆ ಮೂರು ಮೂಲ ಬೇಕು: ಲೈನಿನ ಕರೆಂಟು, ಜನರೇಟರ್, ಮತ್ತು ಇವೆರಡರ ನಡುವಿನ ಅಂತರ ತುಂಬುವ ಯುಪಿಎಸ್. "ದೊಡ್ಡ ಜನರೇಟರ್ ಉಂಟಲ್ಲ, ಯುಪಿಎಸ್ ಯಾಕೆ" ಎಂದು ಕೇಳುವ ಕಮಿಟಿ ಸದಸ್ಯರಿಗೆ ಉತ್ತರ ಈ ಹದಿನೈದು ಸೆಕೆಂಡಿನಲ್ಲಿದೆ.

ಎಲ್ಲವನ್ನೂ ಯುಪಿಎಸ್‌ಗೆ ಜೋಡಿಸುವುದೂ ತಪ್ಪೇ. ಎಸಿ, ಲಿಫ್ಟ್, ಗೀಸರ್‌ಗಳನ್ನು ಹಾಕಿದರೆ ಬ್ಯಾಟರಿ ನಿಮಿಷಗಳಲ್ಲಿ ಖಾಲಿಯಾಗುತ್ತದೆ. ವೆಂಟಿಲೇಟರ್, ಮಾನಿಟರ್, ಥಿಯೇಟರ್ ದೀಪ, ಡಯಾಲಿಸಿಸ್ ಯಂತ್ರ ಯುಪಿಎಸ್‌ಗೆ. ಲಿಫ್ಟ್, ಥಿಯೇಟರಿನ ಗಾಳಿ, ಬೆಂಕಿ ನಂದಿಸುವ ಪಂಪು, ಲಸಿಕೆ ಮತ್ತು ರಕ್ತದ ಫ್ರಿಜ್ ಜನರೇಟರ್‌ಗೆ. ಆಫೀಸು, ಬೋರ್ಡು, ಅಲಂಕಾರದ ಲೈಟು ಲೈನಿನ ಕರೆಂಟಿಗೆ ಮಾತ್ರ. ಈ ವಿಂಗಡಣೆ ವಯರಿಂಗ್ ನಕ್ಷೆಯಲ್ಲೇ ಇರಬೇಕು. ಕಟ್ಟಡ ಮುಗಿದ ಮೇಲೆ ಗೋಡೆ ಒಡೆಯದೆ ಅದನ್ನು ಬದಲಿಸಲಾಗುವುದಿಲ್ಲ.

ಜನರೇಟರ್ ಎಲ್ಲಿ ಇಡುತ್ತಾರೆ ಎಂಬುದೂ ಮುಖ್ಯ. 2012ರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್‌ಗೆ ಅಪ್ಪಳಿಸಿದಾಗ ಅಲ್ಲಿನ ದೊಡ್ಡ ಆಸ್ಪತ್ರೆ ಎನ್‌ವೈಯು ಲ್ಯಾಂಗೋನ್‌ನ ನೆಲಮಾಳಿಗೆಗೆ ನೀರು ನುಗ್ಗಿ ಬದಲಿ ವಿದ್ಯುತ್ ಕೈಕೊಟ್ಟಿತು. 300ಕ್ಕೂ ಹೆಚ್ಚು ರೋಗಿಗಳನ್ನು ರಾತ್ರೋರಾತ್ರಿ ಕತ್ತಲಲ್ಲಿ ಮೆಟ್ಟಿಲು ಇಳಿಸಿ ಸಾಗಿಸಬೇಕಾಯಿತು. ನವಜಾತ ಶಿಶುಗಳನ್ನು ನರ್ಸ್‌ಗಳು ಎತ್ತಿಕೊಂಡು ಇಳಿದರು. 2015ರ ಡಿಸೆಂಬರ್‌ನಲ್ಲಿ ಚೆನ್ನೈ ನೆರೆಯಲ್ಲಿ ಅಡ್ಯಾರ್ ನದಿ ಉಕ್ಕಿ ಒಂದು ಖಾಸಗಿ ಆಸ್ಪತ್ರೆಯ ಜನರೇಟರ್ ಕೋಣೆ ಮುಳುಗಿತು. ಅಲ್ಲಿನ ಐಸಿಯುನಲ್ಲಿದ್ದವರ ಸಾವು ಆಗ ದೇಶದಾದ್ಯಂತ ಸುದ್ದಿಯಾಯಿತು. ಕರಾವಳಿಯಲ್ಲಿ ಹೊಳೆ ಬದಿ, ಗದ್ದೆ ತುಂಬಿಸಿದ ಜಾಗದಲ್ಲಿ ಕಟ್ಟಡ ಏಳುವುದು ಸಾಮಾನ್ಯ. ಅಂಥಲ್ಲಿ ಪಾರ್ಕಿಂಗ್‌ಗೆ ಜಾಗ ಬೇಕೆಂದು ಜನರೇಟರ್, ಪ್ಯಾನಲ್ ಬೋರ್ಡ್‌ಗಳನ್ನು ನೆಲಮಾಳಿಗೆಗೆ ತಳ್ಳಿದರೆ ಮಳೆ ಜೋರಾದ ದಿನವೇ ಅವು ಉಪಯೋಗಕ್ಕೆ ಬಾರದಾಗುತ್ತವೆ.

ಜನರೇಟರ್ ಇದ್ದರೂ ಹೊತ್ತಿಗೆ ಸರಿಯಾಗಿ ಕೆಲಸ ಮಾಡದಿದ್ದರೆ ಏನಾಗಬಹುದು ಎಂಬ ಪ್ರಶ್ನೆ 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲಿ ಎದ್ದಿತು. ಐಸಿಯುನಲ್ಲಿದ್ದ ರೋಗಿಗಳ ಸಾವಿಗೆ ವಿದ್ಯುತ್ ಕಡಿತವೇ ಕಾರಣ ಎಂದು ಕುಟುಂಬದವರು ದೂರಿದರು, ಸರ್ಕಾರ ತನಿಖೆಗೆ ಸಮಿತಿ ರಚಿಸಿತು. ವಾರಕ್ಕೊಮ್ಮೆ ಜನರೇಟರನ್ನು ಖಾಲಿ ಓಡಿಸಿ "ಓಡ್ತದೆ" ಎಂದು ರಿಜಿಸ್ಟರಿನಲ್ಲಿ ಬರೆದರೆ ಸಾಲದು. ಖಾಲಿ ಓಡುವ ಇಂಜಿನ್ ನಿಜವಾದ ಲೋಡ್ ಬಿದ್ದಾಗ ನಿಂತುಹೋಗಬಹುದು. ಮೊದಲೇ ತಿಳಿಸಿ, ಡಾಕ್ಟರು, ನರ್ಸು ಎಲ್ಲರೂ ಸಿದ್ಧರಿರುವಾಗ ಮೇನ್ ಸ್ವಿಚ್ ತೆಗೆದು, ಇಡೀ ಲೋಡ್‌ನೊಂದಿಗೆ ಪರೀಕ್ಷೆ ಮಾಡಬೇಕು.

ಅರ್ಥಿಂಗ್: ಕಣ್ಣಿಗೆ ಕಾಣದ ಲೀಕೇಜ್

ಪ್ರತಿಯೊಂದು ವಿದ್ಯುತ್ ಯಂತ್ರದಿಂದಲೂ ಒಂದಿಷ್ಟು ಕರೆಂಟು ಸೋರುತ್ತದೆ. ಆರೋಗ್ಯವಂತ ಮನುಷ್ಯನ ಒಣ ಕೈಗೆ ಒಂದು ಮಿಲಿಆಂಪ್‌ನಷ್ಟು ಬಂದರೆ ಸಣ್ಣಗೆ ಜುಮ್ ಎನ್ನುತ್ತದೆ, ಅಷ್ಟೆ. ಚರ್ಮವೇ ಅವನಿಗೆ ರಕ್ಷಣೆ. ಆದರೆ ಹೃದಯದವರೆಗೆ ಟ್ಯೂಬ್ ಅಥವಾ ತಂತಿ ಹಾಕಿರುವ ರೋಗಿಗೆ ಆ ರಕ್ಷಣೆ ಇಲ್ಲ. ಮಿಲಿಆಂಪ್‌ನ ಹತ್ತನೇ ಒಂದು ಭಾಗ ನೇರ ಹೃದಯಕ್ಕೆ ಹರಿದರೂ ಬಡಿತ ತಪ್ಪಬಹುದು. ಅದಕ್ಕಾಗಿ ಹೃದಯಕ್ಕೆ ನೇರ ತಾಗುವ ಉಪಕರಣಗಳಿಂದ ರೋಗಿಗೆ ಹರಿಯುವ ಲೀಕೇಜ್ ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೊಆಂಪ್ ದಾಟಬಾರದು ಎಂಬ ನಿಯಮವಿದೆ. ಅಂದರೆ ಮಿಲಿಆಂಪ್‌ನ ನೂರನೇ ಒಂದು ಭಾಗ.

ಯಂತ್ರ ಎಷ್ಟೇ ದುಬಾರಿಯದ್ದಾದರೂ ಗೋಡೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಆ ಮಿತಿ ಕಾಗದದ ಮೇಲೆ ಮಾತ್ರ. ಹಾಸಿಗೆಯ ಸುತ್ತಲಿನ ಎಲ್ಲ ಲೋಹವನ್ನೂ, ಅಂದರೆ ಮಂಚ, ಆಕ್ಸಿಜನ್ ಪೈಪು, ಸಿಂಕಿನ ನಲ್ಲಿ, ಪ್ಲಗ್ಗಿನ ಅರ್ಥ್ ಪಿನ್ನು, ಒಂದೇ ತಾಮ್ರದ ಪಟ್ಟಿಗೆ ಸೇರಿಸಬೇಕು. ಹಾಗೆ ಮಾಡಿದರೆ ಎರಡು ಲೋಹಗಳ ನಡುವೆ ವೋಲ್ಟೇಜಿನ ವ್ಯತ್ಯಾಸವೇ ಉಳಿಯುವುದಿಲ್ಲ, ರೋಗಿಯ ಮೂಲಕ ಹರಿಯಲು ಕಾರಣವೂ ಇರುವುದಿಲ್ಲ. 2ನೇ ಗುಂಪಿನ ಕೋಣೆಗಳಲ್ಲಿ ಈ ಜೋಡಣೆಯ ರೆಸಿಸ್ಟೆನ್ಸ್ 0.2 ಓಮ್ ದಾಟಬಾರದು. ಸರಿಯಾದ ಮೀಟರ್ ಇದ್ದರೆ ಇದನ್ನು ಅಳೆಯುವುದು ನಿಮಿಷಗಳ ಕೆಲಸ.

ಕರಾವಳಿಗೆ ಇಲ್ಲೊಂದು ಸ್ಥಳೀಯ ತೊಂದರೆ ಇದೆ. ಮುರಕಲ್ಲಿನ ಗುಡ್ಡದಲ್ಲಿ ಅರ್ಥಿಂಗ್ ಹಿಡಿಯುವುದು ಕಷ್ಟ. ಮಳೆಗಾಲದಲ್ಲಿ ಮಣ್ಣು ಒದ್ದೆಯಿರುವಾಗ ಮೀಟರ್ ಒಳ್ಳೆಯ ಅಂಕಿ ತೋರಿಸುತ್ತದೆ; ಏಪ್ರಿಲ್‌ಗೆ ಅದೇ ಗುಂಡಿ ಒಣಗಿ ಅಂಕಿ ಏರುತ್ತದೆ. ಸಿಡಿಲು ಜಾಸ್ತಿ ಬಡಿಯುವುದೂ ಮಳೆ ಶುರುವಾಗುವ ಮೊದಲಿನ ಏಪ್ರಿಲ್, ಮೇ ಸಂಜೆಗಳಲ್ಲೇ. ಆದ್ದರಿಂದ ಅರ್ಥಿಂಗ್ ಪರೀಕ್ಷೆ ಮಾಡಬೇಕಾದದ್ದು ಬೇಸಿಗೆಯ ಕೊನೆಗೆ. ಆಗಸ್ಟ್‌ನ ರಿಪೋರ್ಟ್ ನೋಡಿ ಸಮಾಧಾನಪಟ್ಟರೆ ಪ್ರಯೋಜನವಿಲ್ಲ.

ಇನ್ನೊಂದು ವಿಷಯ ಮನೆಯ ಎಲೆಕ್ಟ್ರಿಷಿಯನ್‌ಗಳಿಗೆ ಹಲವು ಸಲ ಗೊತ್ತಿರುವುದಿಲ್ಲ. ಮನೆಯಲ್ಲಿ ಲೀಕೇಜ್ ಆದರೆ ಇಎಲ್‌ಸಿಬಿ ಟ್ರಿಪ್ ಆಗಬೇಕು, ಅದೇ ಸುರಕ್ಷಿತ. ಥಿಯೇಟರಿನಲ್ಲಿ ಹೊಟ್ಟೆ ತೆರೆದಿಟ್ಟಿರುವಾಗ ಟ್ರಿಪ್ ಆದರೆ ವೆಂಟಿಲೇಟರ್ ನಿಲ್ಲುತ್ತದೆ. ಅದಕ್ಕಾಗಿ ಥಿಯೇಟರ್, ಐಸಿಯುಗಳಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಪ್ರತ್ಯೇಕ ಕರೆಂಟು ಕೊಡುತ್ತಾರೆ. ಆ ಕರೆಂಟಿನ ಎರಡು ವಯರುಗಳಲ್ಲಿ ಯಾವುದೂ ಭೂಮಿಗೆ ಜೋಡಿಸಿರುವುದಿಲ್ಲ. ಒಂದು ವಯರು ಎಲ್ಲಾದರೂ ಲೋಹಕ್ಕೆ ತಾಗಿದರೂ ಕರೆಂಟಿಗೆ ವಾಪಸ್ ಹೋಗುವ ದಾರಿ ಇಲ್ಲದ್ದರಿಂದ ಷಾಕ್ ಹೊಡೆಯುವುದಿಲ್ಲ, ಟ್ರಿಪ್ ಕೂಡ ಆಗುವುದಿಲ್ಲ. ಗೋಡೆಯ ಮೇಲಿನ ಮಾನಿಟರ್ ಬೀಪ್ ಎಂದು ಎಚ್ಚರಿಸುತ್ತದೆ. ಆಪರೇಷನ್ ಮುಗಿಸಿ, ಆಮೇಲೆ ರಿಪೇರಿ ಮಾಡಬಹುದು. ಖರ್ಚು ಉಳಿಸಲು ಮೊದಲು ಕೈಬಿಡುವ ಐಟಂಗಳಲ್ಲಿ ಇದೂ ಒಂದು.

ಗಾಳಿ: ತಂಪಾಗಿದ್ದರೆ ಸಾಲದು

ಥಿಯೇಟರಿನ ಎಸಿ ಇರುವುದು ಡಾಕ್ಟರಿಗೆ ಸೆಕೆ ಆಗಬಾರದು ಎಂಬುದಕ್ಕಷ್ಟೇ ಅಲ್ಲ. ತೆರೆದ ಗಾಯದ ಮೇಲೆ ಧೂಳು, ಚರ್ಮದ ಹೊಟ್ಟು, ಸೂಕ್ಷ್ಮಾಣು ಬೀಳದಂತೆ ನೋಡುವುದು ಅದರ ಮುಖ್ಯ ಕೆಲಸ.

ಆಪರೇಷನ್ ಥಿಯೇಟರಿನಲ್ಲಿ ಗಂಟೆಗೆ ಕನಿಷ್ಠ 20 ಸಲ ಗಾಳಿ ಬದಲಾಗಬೇಕು, ಅದರಲ್ಲಿ 4 ಸಲದಷ್ಟು ಹೊರಗಿನ ತಾಜಾ ಗಾಳಿ ಇರಬೇಕು ಎಂಬುದು ಎಲ್ಲೆಡೆ ಒಪ್ಪಿದ ಲೆಕ್ಕ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಎಂದರೆ 4,000 ಘನ ಅಡಿ ಗಾಳಿ. ಅದನ್ನು 20 ಸಲ ಬದಲಿಸಲು ಗಂಟೆಗೆ 80,000 ಘನ ಅಡಿ ಸಾಗಿಸಬೇಕು, ಪ್ರತಿ ಮೂರು ನಿಮಿಷಕ್ಕೆ ಇಡೀ ಕೋಣೆಯಷ್ಟು. ಈ ಗಾಳಿ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾ ತಡೆಯುವ ಹೆಪಾ ಫಿಲ್ಟರ್ ದಾಟಿ, ಮೇಜಿನ ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿದು, ಗೋಡೆಯ ಬುಡದ ಜಾಲಿಯಿಂದ ಹೊರಹೋಗಬೇಕು. ಕೋಣೆಯ ಒತ್ತಡ ಕಾರಿಡಾರಿಗಿಂತ ಕನಿಷ್ಠ 2.5 ಪಾಸ್ಕಲ್ ಜಾಸ್ತಿ ಇದ್ದರೆ ಬಾಗಿಲು ತೆರೆದಾಗ ಒಳಗಿನ ಗಾಳಿ ಹೊರಗೆ ಬರುತ್ತದೆ, ಹೊರಗಿನದ್ದು ಒಳಗೆ ನುಗ್ಗುವುದಿಲ್ಲ.

ಟಿಬಿ, ದಡಾರದಂಥ ಗಾಳಿಯಲ್ಲಿ ಹರಡುವ ರೋಗದವರ ಕೋಣೆಯಲ್ಲಿ ಇದು ಪೂರ್ತಿ ತಿರುಗುಮುರುಗು. ಅಲ್ಲಿ ಕೋಣೆಯ ಒತ್ತಡ ಕಡಿಮೆ ಇರಬೇಕು, ಗಂಟೆಗೆ 12 ಸಲ ಗಾಳಿ ಬದಲಾಗಬೇಕು, ಹೊರಹೋಗುವ ಗಾಳಿ ಬೇರೆ ವಾರ್ಡಿಗೆ ಸೇರದೆ ನೇರ ಆಕಾಶಕ್ಕೆ ಹೋಗಬೇಕು. ಒಂದೇ ಎಸಿ ಡಕ್ಟಿನಿಂದ ಎರಡೂ ಕೋಣೆಗೆ ಗಾಳಿ ಕೊಟ್ಟರೆ ಒಬ್ಬನ ರೋಗ ಇನ್ನೊಬ್ಬನಿಗೆ ಹಂಚಿದಂತೆ.

ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಎಸಿ ಇವುಗಳಲ್ಲಿ ಯಾವುದನ್ನೂ ಮಾಡುವುದಿಲ್ಲ. ಅದು ಇರುವ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ತಾಜಾ ಗಾಳಿ ಇಲ್ಲ, ಒತ್ತಡ ಇಲ್ಲ, ಒಳಗಿನ ಒದ್ದೆ ಕಾಯಿಲ್‌ನಲ್ಲಿ ಧೂಳು ಕೂತು ಬೂಸಲು ಬೆಳೆಯುತ್ತದೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಸಂಸ್ಥೆಯ ಮಾರ್ಗಸೂಚಿಯೇ ಥಿಯೇಟರಿಗೆ ವಿಂಡೋ, ಸ್ಪ್ಲಿಟ್ ಎಸಿ ಬೇಡ ಎನ್ನುತ್ತದೆ.

ಕರಾವಳಿಯ ತೇವ ಮತ್ತೊಂದು ಸಮಸ್ಯೆ. ಜೂನ್, ಜುಲೈಯಲ್ಲಿ ಹೊರಗಿನ ಗಾಳಿಯಲ್ಲಿ ತೇವಾಂಶ 90 ಶೇಕಡಾ ಮುಟ್ಟುತ್ತದೆ. ಥಿಯೇಟರಿನೊಳಗೆ ಅದು 60 ದಾಟಬಾರದು. ಸಾಮಾನ್ಯ ಎಸಿ ಕೋಣೆ ತಂಪಾದ ಕೂಡಲೇ ಕಂಪ್ರೆಸರ್ ನಿಲ್ಲಿಸುತ್ತದೆ, ತೇವ ಹಾಗೇ ಉಳಿಯುತ್ತದೆ. ಹಾಗಾಗಿ ಗಾಳಿಯನ್ನು ಬೇಕಾದದ್ದಕ್ಕಿಂತ ಹೆಚ್ಚು ತಂಪು ಮಾಡಿ, ನೀರು ಇಳಿಸಿ, ಮತ್ತೆ ಸ್ವಲ್ಪ ಬಿಸಿ ಮಾಡಿ ಕೊಡುವ ಯಂತ್ರ ಬೇಕು. ಬೆಂಗಳೂರಿನ ಹವೆಗೆ ಮಾಡಿದ ಡಿಸೈನನ್ನು ಹಾಗೇ ತಂದು ಉಪ್ಪಳದಲ್ಲೋ ಉಳ್ಳಾಲದಲ್ಲೋ ಕೂರಿಸಿದರೆ ಮೊದಲ ಮಳೆಗಾಲಕ್ಕೇ ಸೀಲಿಂಗಿನಿಂದ ನೀರು ತೊಟ್ಟಿಕ್ಕಲು ಶುರು. ಸಮುದ್ರ ಹತ್ತಿರವಿದ್ದರೆ ಉಪ್ಪು ಗಾಳಿಗೆ ಹೊರಗಿನ ಯೂನಿಟ್ ತುಕ್ಕು ಹಿಡಿಯುವುದು ಬೇರೆ.

ಹಾಗೆಂದು ಎಲ್ಲ ಕಡೆಯೂ ಎಸಿ ಬೇಕಿಲ್ಲ. ಹೊರರೋಗಿಗಳು ಕಾಯುವ ಹಾಲ್, ಸಾಮಾನ್ಯ ವಾರ್ಡುಗಳಿಗೆ ಎದುರುಬದುರು ಗೋಡೆಯಲ್ಲಿ ತೆರೆಯುವ ಕಿಟಕಿಗಳೇ ಒಳ್ಳೆಯ ಮದ್ದು. ಸಹಜ ಗಾಳಿಯನ್ನು ನಂಬಿದ ಸಾಮಾನ್ಯ ವಾರ್ಡಿನಲ್ಲಿ ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್, ಗಾಳಿಯಲ್ಲಿ ಹರಡುವ ರೋಗದವರ ಕೋಣೆಯಲ್ಲಿ 160 ಲೀಟರ್ ಗಾಳಿ ಬರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿತ್ತು. ಎತ್ತರದ ಹಂಚಿನ ಮಾಡು, ಉದ್ದ ವರಾಂಡ, ಸಾಲು ಕಿಟಕಿ ಇದ್ದ ಹಳೆಯ ಆಸ್ಪತ್ರೆಗಳಿಗೆ ಇದು ಕಷ್ಟದ ಮಾತಾಗಿರಲಿಲ್ಲ. ಈಗ ಮಾಲ್‌ನಂತೆ ಕಾಣಲಿ ಎಂದು ಮುಂಭಾಗ ಪೂರ್ತಿ ಗಾಜು ಹಾಕಿ, ತೆರೆಯುವ ಕಿಟಕಿಯೇ ಇಲ್ಲದಂತೆ ಮಾಡುತ್ತಾರೆ. ಕರೆಂಟು ಹೋದರೆ ಒಳಗೆ ಕೂರಲಿಕ್ಕೂ ಆಗುವುದಿಲ್ಲ.

ಬೆಂಕಿ, ಹೊಗೆ, ಆಕ್ಸಿಜನ್

ಗಾಳಿ ಸಾಗಿಸುವ ಡಕ್ಟ್ ಹೊಗೆಯನ್ನೂ ಸಾಗಿಸುತ್ತದೆ. 2011ರ ಡಿಸೆಂಬರ್ 9ರಂದು ಕೋಲ್ಕತಾದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿತು. ಬೆಂಕಿ ಮೇಲಿನ ಮಹಡಿಗಳನ್ನು ಸುಡಲಿಲ್ಲ. ಹೊಗೆ ಮೇಲೇರಿತು. ಗಾಜಿನಿಂದ ಮುಚ್ಚಿದ ಕಟ್ಟಡದಲ್ಲಿ ಹೊರಹೋಗಲು ಅದಕ್ಕೆ ದಾರಿಯಿರಲಿಲ್ಲ. ಸುಮಾರು 90 ಮಂದಿ ಸತ್ತರು, ಹೆಚ್ಚಿನವರು ಹಾಸಿಗೆಯಲ್ಲೇ ಉಸಿರುಗಟ್ಟಿ.

2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ 10 ಹಸುಗೂಸುಗಳು ಬೆಂಕಿ ಅವಘಡದಲ್ಲಿ ಹೋದವು. 2024ರ ನವೆಂಬರ್ 15ರ ರಾತ್ರಿ ಉತ್ತರ ಪ್ರದೇಶದ ಝಾನ್ಸಿಯ ಮೆಡಿಕಲ್ ಕಾಲೇಜಿನಲ್ಲೂ ಅಂಥದ್ದೇ ಘಟಕ, ಆ ರಾತ್ರಿ ಸತ್ತ ಶಿಶುಗಳೂ ಹತ್ತು. ಶಿಶು ಘಟಕ, ಐಸಿಯುಗಳಲ್ಲಿ ಅಪಾಯ ಜಾಸ್ತಿ ಏಕೆಂದರೆ ಅಲ್ಲಿ ಎಸಿ, ವಾರ್ಮರ್, ಪಂಪುಗಳು 24 ಗಂಟೆಯೂ ಓಡುತ್ತವೆ. ಹತ್ತು ಪಾಯಿಂಟಿಗೆ ಎಳೆದ ವಯರಿಗೆ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಇಪ್ಪತ್ತು ಯಂತ್ರ ಸೇರಿಸಿದರೆ ಜಾಯಿಂಟುಗಳು ಬಿಸಿಯಾಗುತ್ತವೆ. ಜತೆಗೆ ಮುಚ್ಚಿದ ಕೋಣೆಯಲ್ಲಿ ಮಾಸ್ಕ್‌ಗಳಿಂದ ಆಕ್ಸಿಜನ್ ಸೋರುತ್ತಿರುತ್ತದೆ. ಸಾಮಾನ್ಯ ಗಾಳಿಯಲ್ಲಿ ಆಕ್ಸಿಜನ್ 21 ಶೇಕಡಾ. ಅದು ಸ್ವಲ್ಪ ಏರಿದರೂ ಹತ್ತಿ, ಬೆಡ್‌ಶೀಟ್, ಪ್ಲಾಸ್ಟಿಕ್ ಎಲ್ಲ ಬೇಗ ಹೊತ್ತಿಕೊಂಡು ಜೋರಾಗಿ ಉರಿಯುತ್ತವೆ. ತಾಜಾ ಗಾಳಿ ಬಂದು ಹೋಗುವ ವ್ಯವಸ್ಥೆ ಇಲ್ಲಿ ಬೆಂಕಿಗೂ ರಕ್ಷಣೆ.

ಇದಕ್ಕೆ ಪರಿಹಾರ ಗೊತ್ತಿಲ್ಲದ್ದೇನಲ್ಲ. ಒಂದೊಂದು ಹಾಸಿಗೆಗೂ ಬೇಕಾದಷ್ಟು ಪ್ಲಗ್ ಪಾಯಿಂಟ್ ಮೊದಲೇ ಇಡಬೇಕು. ಡಕ್ಟ್ ಗೋಡೆ ದಾಟುವಲ್ಲಿ ತಾನಾಗಿ ಮುಚ್ಚುವ ಫೈರ್ ಡ್ಯಾಂಪರ್ ಬೇಕು. ಹೊಗೆ ಕಂಡ ಕೂಡಲೇ ಎಸಿ ಬ್ಲೋವರ್ ನಿಲ್ಲಬೇಕು. ಮಹಡಿಯಿಂದ ಮಹಡಿಗೆ ವಯರು ಹೋಗುವ ತೂತುಗಳನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು. ಐಸಿಯುಗೆ ಎರಡನೇ ಬಾಗಿಲು ಬೇಕು, ಅದರ ಮುಂದೆ ಹಳೆಯ ಮಂಚ ಪೇರಿಸಿರಬಾರದು.

ಆಕ್ಸಿಜನ್ ಪೈಪಿಗೂ ಇದೇ ಎಚ್ಚರ. 2021ರ ಏಪ್ರಿಲ್ 21ರಂದು ನಾಸಿಕದ ಡಾ. ಝಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ದ್ರವ ಆಕ್ಸಿಜನ್ ಟ್ಯಾಂಕ್ ಸೋರಿ, ವಾರ್ಡಿನ ಪೈಪಿನಲ್ಲಿ ಒತ್ತಡ ಬಿತ್ತು. ಅರ್ಧ ಗಂಟೆಯ ಆಸುಪಾಸಿನಲ್ಲಿ 20ಕ್ಕೂ ಹೆಚ್ಚು ರೋಗಿಗಳು ಸತ್ತರು. ಟ್ಯಾಂಕ್ ಒಂದೇ ಇದ್ದರೆ ಸಾಲದು. ಒತ್ತಡ ಇಳಿದಾಗ ತಾನಾಗಿ ತೆರೆಯುವ ಸಿಲಿಂಡರ್ ಸಾಲು ಬೇಕು, ಒತ್ತಡ ಬಿದ್ದರೆ ಕೂಗುವ ಅಲಾರಂ ಬೇಕು. ಪ್ರತಿ ವಾರ್ಡಿನ ಹೊರಗೆ ಆಕ್ಸಿಜನ್ ಮುಚ್ಚುವ ವಾಲ್ವ್ ಎಲ್ಲಿದೆ ಎಂದು ರಾತ್ರಿ ಪಾಳಿಯ ನರ್ಸಿಗೂ ಗೊತ್ತಿರಬೇಕು.

ಬೆಳಕು: ಬಣ್ಣ ಸುಳ್ಳು ಹೇಳಬಾರದು

ಅಂಗಡಿಗೆ ಬಂದು "ಆಸ್ಪತ್ರೆಗೆ ಎಲ್‌ಇಡಿ ಬೇಕು" ಎನ್ನುವವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ವ್ಯಾಟ್, ಎಷ್ಟು ರೂಪಾಯಿ. ಕೇಳಬೇಕಾದ ಮೂರನೆಯದು ಸಿಆರ್‌ಐ. ಸೂರ್ಯನ ಬೆಳಕಿನಲ್ಲಿ ಕಾಣುವಂತೆಯೇ ಬಣ್ಣವನ್ನು ತೋರಿಸುವ ಗುಣಕ್ಕೆ ಕೊಡುವ ಅಂಕ ಅದು, 100 ಅದರ ಗರಿಷ್ಠ. ಅಂಗಡಿಯ ಸಾಮಾನ್ಯ ಬಲ್ಬುಗಳದ್ದು 70ರಿಂದ 80ರ ಸುಮಾರು. ರೋಗಿಯನ್ನು ಪರೀಕ್ಷಿಸುವ ಕೋಣೆಗೆ 90 ಬೇಕು.

ಯಾಕೆಂದರೆ ಡಾಕ್ಟರು, ನರ್ಸು ಮೊದಲು ನೋಡುವುದು ಬಣ್ಣವನ್ನೇ. ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾದರೆ ತುಟಿ, ಉಗುರು ನೀಲಿಯಾಗುತ್ತವೆ. ಮಗುವಿಗೆ ಕಾಮಾಲೆಯಾದರೆ ಚರ್ಮ, ಕಣ್ಣು ಹಳದಿಯಾಗುತ್ತವೆ. ಕೆಂಪು ಬೆಳಕು ಸಾಲದ ದೀಪದಡಿ ಆರೋಗ್ಯವಂತನೂ ನೀಲಿಯಾಗಿ ಕಾಣಬಹುದು. ಹಳದಿ ದೀಪದಡಿ ಕಾಮಾಲೆಯ ಮಗು ಸರಿಯಿದ್ದಂತೆ ಕಾಣಬಹುದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಇದಕ್ಕೆಂದೇ ಪ್ರತ್ಯೇಕ ಅಳತೆ ಇಟ್ಟುಕೊಂಡಿವೆ. ಅದರ ಪ್ರಕಾರ ದೀಪದ ಬಣ್ಣ 3300ರಿಂದ 5300 ಕೆಲ್ವಿನ್ ಒಳಗಿರಬೇಕು. ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ 6500 ಕೆಲ್ವಿನ್‌ನ ಬಿಳಿ ಬಲ್ಬು ಈ ಮಿತಿಯ ಹೊರಗೆ. ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಈ ವ್ಯತ್ಯಾಸಗಳನ್ನು ಗುರುತಿಸುವುದು ಮೊದಲೇ ಕಷ್ಟ, ದೀಪವೂ ಮೋಸ ಮಾಡಿದರೆ ಇನ್ನೂ ಕಷ್ಟ.

ಪ್ರಮಾಣದ ಲೆಕ್ಕವೂ ಉಂಟು. ವಾರ್ಡಿನಲ್ಲಿ ಸಾಮಾನ್ಯಕ್ಕೆ 100 ಲಕ್ಸ್, ಓದಲು ಮತ್ತು ಸಣ್ಣ ಪರೀಕ್ಷೆಗೆ 300, ಚಿಕಿತ್ಸೆಗೆ 1,000 ಎಂದು ಯುರೋಪಿನ ಮಾನದಂಡ ಹೇಳುತ್ತದೆ. ಆಪರೇಷನ್ ಮೇಜಿನ ದೀಪದ್ದು 40,000ದಿಂದ 1,60,000 ಲಕ್ಸ್. ಆ ದೀಪದಲ್ಲಿ ಹತ್ತಾರು ಸಣ್ಣ ದೀಪಗಳು ಬೇರೆ ಬೇರೆ ಕೋನದಿಂದ ಒಂದೇ ಜಾಗಕ್ಕೆ ಬೀಳುವುದರಿಂದ ಸರ್ಜನ್ ತಲೆ ಅಡ್ಡ ಬಂದರೂ ಗಾಯದ ಮೇಲೆ ನೆರಳು ಬೀಳುವುದಿಲ್ಲ.

ಮಲಗಿರುವವನ ಕಣ್ಣಿನಿಂದಲೂ ನೋಡಬೇಕು. ನಿಂತು ನೋಡುವ ಇಂಜಿನಿಯರಿಗೆ ಚಂದ ಕಾಣುವ ಸೀಲಿಂಗ್ ಲೈಟು ಮಲಗಿದ ರೋಗಿಯ ಕಣ್ಣಿಗೆ ಇಡೀ ದಿನ ಚುಚ್ಚುತ್ತದೆ. ರಾತ್ರಿಗೆ 5 ಲಕ್ಸ್‌ನಷ್ಟು ಮಂದ ಬೆಳಕು ಸಾಕು, ಆದರೆ ಅದು ಹಾಸಿಗೆಯಿಂದ ಬಾತ್‌ರೂಮಿನವರೆಗೆ ನೆಲದ ಮೇಲೆ ಬೀಳುತ್ತಿರಬೇಕು. ರಾತ್ರಿ ಎರಡು ಗಂಟೆಗೆ ಎದ್ದು ಹೋಗುವ ಅಜ್ಜಿ ಜಾರಿ ಬೀಳದಿರಲು ಇಷ್ಟು ಸಾಕು.

ನೀರು: ಒಂದು ಡಯಾಲಿಸಿಸ್‌ಗೆ 120 ಲೀಟರ್

ಡಯಾಲಿಸಿಸ್ ಯಂತ್ರದಲ್ಲಿ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ದ್ರವ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ಹತ್ತು ಯಂತ್ರ, ದಿನಕ್ಕೆ ಮೂರು ಪಾಳಿ ಎಂದರೆ 3,600 ಲೀಟರ್ ಶುದ್ಧ ನೀರು. ಆರ್‌ಒ ಪ್ಲಾಂಟಿಗೆ ಹಾಕಿದ ನೀರಿನಲ್ಲಿ ಅರ್ಧ ಮಾತ್ರ ಶುದ್ಧವಾಗಿ ಬಂದರೆ ಬಾವಿಯಿಂದಲೋ ಬೋರ್‌ವೆಲ್‌ನಿಂದಲೋ 7,200 ಲೀಟರ್ ಬೇಕು. ಯಂತ್ರ ಕೊಡುವ ಮೊದಲು ಈ ನೀರು ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಸಮುದ್ರದ ಹತ್ತಿರದ ಬಾವಿಗಳಿಗೆ ಆಗಲೇ ಉಪ್ಪು ಏರುವುದು, ಟ್ಯಾಂಕರ್ ನೀರು ಶುರುವಾಗುವುದೂ ಆಗಲೇ.

ನಾವು ಕುಡಿಯುವ ನೀರು ಹೊಟ್ಟೆ, ಕರುಳು, ಕಿಡ್ನಿ ದಾಟಿ ಹೋಗುತ್ತದೆ. ಡಯಾಲಿಸಿಸ್ ನೀರು ತೆಳು ಪೊರೆಯೊಂದರ ಆಚೆ ನೇರ ರಕ್ತಕ್ಕೆ ಎದುರಾಗಿರುತ್ತದೆ. ಕುಡಿಯಲು ಅಡ್ಡಿಯಿಲ್ಲದ ಕ್ಲೋರಿನ್ ಕೂಡ ಅಲ್ಲಿ ರಕ್ತಕಣಗಳನ್ನು ಒಡೆಯುತ್ತದೆ. 1996ರಲ್ಲಿ ಬ್ರೆಜಿಲ್‌ನ ಕರುವಾರು ಪಟ್ಟಣದ ಡಯಾಲಿಸಿಸ್ ಕೇಂದ್ರಕ್ಕೆ ಜಲಾಶಯದಿಂದ ಟ್ಯಾಂಕರಿನಲ್ಲಿ ನೀರು ಬಂತು. ಸರಿಯಾಗಿ ಶುದ್ಧೀಕರಿಸದ ಆ ನೀರಿನಲ್ಲಿ ಪಾಚಿಯಂಥ ಬ್ಯಾಕ್ಟೀರಿಯಾದ ವಿಷ ಇತ್ತು. ಯಕೃತ್ತು ಕೆಟ್ಟು 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಅಲ್ಲಿ ಜೀವ ತೆಗೆದದ್ದು ಯಂತ್ರವಲ್ಲ, ಅದಕ್ಕೆ ಕೊಟ್ಟ ನೀರು.

ಖರ್ಚಿನ ಲೆಕ್ಕ: ಕೊಳ್ಳುವುದು ಒಂದು ಸಲ, ನಡೆಸುವುದು ಪ್ರತಿ ವರ್ಷ

ಅಂಗಡಿ ಇಡುವವರಿಗೆಲ್ಲ ಗೊತ್ತಿರುವ ವಿಷಯ: ಬಂಡವಾಳ ಬೇರೆ, ವರ್ಷದ ಖರ್ಚು ಬೇರೆ. ದಾನ ಹೆಚ್ಚಾಗಿ ಬಂಡವಾಳಕ್ಕೆ ಬರುತ್ತದೆ. ಆದರೆ ಯುಪಿಎಸ್‌ನ ಬ್ಯಾಟರಿ ಮೂರರಿಂದ ಐದು ವರ್ಷಕ್ಕೆ ಮುಗಿಯುತ್ತದೆ. ಹೆಪಾ ಫಿಲ್ಟರ್, ಆರ್‌ಒ ಮೆಂಬ್ರೇನ್ ಬದಲಿಸಲೇಬೇಕು. ಡೀಸೆಲ್, ನೀರಿನ ಲ್ಯಾಬ್ ಟೆಸ್ಟ್, ಎಎಂಸಿ ಪ್ರತಿ ವರ್ಷದ್ದು. ಇದಕ್ಕೆ ಬಜೆಟ್ ಇಡದಿದ್ದರೆ ಮೊದಲ ಎರಡು ವರ್ಷ ಎಲ್ಲ ಸರಿ ಕಾಣುತ್ತದೆ, ಮೂರನೇ ವರ್ಷ ಕರೆಂಟು ಹೋದಾಗ ಯುಪಿಎಸ್ ಒಂದು ಬೀಪ್ ಕೊಟ್ಟು ಸುಮ್ಮನಾಗುತ್ತದೆ.

ಕೆಲವು ಖರ್ಚು ಹೊಂದಿಸಬಹುದು. ಲಾಬಿಯ ಗ್ರಾನೈಟ್ ಬದಲು ಟೈಲ್ಸ್, ಗಾಜಿನ ಮುಂಭಾಗದ ಬದಲು ತೆರೆಯುವ ಕಿಟಕಿ, ಬಣ್ಣದ ಲೈಟಿನ ಬೋರ್ಡು ಒಂದು ಸೈಜು ಸಣ್ಣದು. ಉಳಿದ ಹಣ ಗೋಡೆಯೊಳಗೆ ಹೋಗಲಿ. ಗೋಡೆಯ ಹೊರಗಿನದ್ದನ್ನು ಮುಂದೆ ಯಾವಾಗ ಬೇಕಾದರೂ ಚಂದ ಮಾಡಬಹುದು.

ಹೊಸ ಕ್ಲಿನಿಕ್, ಡಯಾಲಿಸಿಸ್ ಕೇಂದ್ರಕ್ಕೆ ಹಣ ಕೊಡುವವರು, ಕಮಿಟಿಯಲ್ಲಿ ಕೂರುವವರು ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರೆದು ಇಟ್ಟುಕೊಳ್ಳಬೇಕು:

1. ಕರೆಂಟು ಹೋದರೆ ಯಾವ ಯಂತ್ರ ಎಷ್ಟು ಸೆಕೆಂಡಿನಲ್ಲಿ ಮತ್ತೆ ಓಡುತ್ತದೆ? ಕೊನೆಯ ಬಾರಿ ಪೂರ್ತಿ ಲೋಡ್‌ನಲ್ಲಿ ಪರೀಕ್ಷಿಸಿದ ದಿನಾಂಕ ಯಾವುದು?

2. ಜನರೇಟರ್, ಪ್ಯಾನಲ್ ಬೋರ್ಡುಗಳು ನೆರೆ ನೀರಿನ ಮಟ್ಟಕ್ಕಿಂತ ಮೇಲಿವೆಯೇ?

3. ಬೇಸಿಗೆಯಲ್ಲಿ ಅಳೆದ ಅರ್ಥಿಂಗ್ ರಿಪೋರ್ಟ್ ಇದೆಯೇ?

4. ಥಿಯೇಟರಿನ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ? ಅಳೆದದ್ದು ಯಾರು?

5. ಐಸಿಯುಗೆ ಎರಡನೇ ಬಾಗಿಲು ಇದೆಯೇ, ಅದು ಈ ಕ್ಷಣ ತೆರೆಯುತ್ತದೆಯೇ?

6. ಆಕ್ಸಿಜನ್ ಟ್ಯಾಂಕ್ ಕೈಕೊಟ್ಟರೆ ಬದಲಿ ಸಿಲಿಂಡರ್ ಎಷ್ಟು ಹೊತ್ತು ಸಾಕಾಗುತ್ತದೆ?

7. ಪರೀಕ್ಷಾ ಕೋಣೆಯ ದೀಪದ ಸಿಆರ್‌ಐ ಎಷ್ಟು?

8. ಡಯಾಲಿಸಿಸ್ ನೀರನ್ನು ಕೊನೆಯ ಬಾರಿ ಲ್ಯಾಬಿಗೆ ಕಳಿಸಿದ್ದು ಯಾವಾಗ?

9. ಬ್ಯಾಟರಿ, ಫಿಲ್ಟರ್, ಎಎಂಸಿಗೆ ಪ್ರತಿ ವರ್ಷ ಎಷ್ಟು ಹಣ ತೆಗೆದಿಟ್ಟಿದ್ದೀರಿ?

ಒಳ್ಳೆಯ ಆಸ್ಪತ್ರೆಯವರು ಈ ಪ್ರಶ್ನೆ ಕೇಳಿದರೆ ಬೇಸರಪಡುವುದಿಲ್ಲ, ರಿಜಿಸ್ಟರ್ ತಂದು ತೋರಿಸುತ್ತಾರೆ. ಉತ್ತರ ಇಲ್ಲದ ಕಡೆ ಮುಂದಿನ ಸಲ ಯಂತ್ರ ಕೊಡುವ ಬದಲು ಒಂದು ಬ್ಯಾಟರಿ ಸೆಟ್, ಒಂದು ಆರ್‌ಒ ಪ್ಲಾಂಟ್, ಅಥವಾ ಐದು ವರ್ಷದ ಎಎಂಸಿ ಕೊಡುವುದನ್ನು ದಾನಿಗಳು ಯೋಚಿಸಬಹುದು. ಉದ್ಘಾಟನೆಗೆ ಫೋಟೋ ತೆಗೆಯಲು ಅದು ಚಂದ ಕಾಣಲಿಕ್ಕಿಲ್ಲ. ಆದರೆ ಜುಲೈಯ ಒಂದು ರಾತ್ರಿ ಲೈನಿಗೆ ತೆಂಗಿನ ಮಡಲು ಬಿದ್ದು ಊರಿಡೀ ಕತ್ತಲಾದಾಗ, ಯಂತ್ರಕ್ಕೆ ಕೈಕೊಟ್ಟು ಮಲಗಿದವನಿಗೆ ಕರೆಂಟು ಹೋದದ್ದೇ ಗೊತ್ತಾಗದಿದ್ದರೆ ಕೊಟ್ಟ ಹಣ ಸಾರ್ಥಕ.